ಇವತ್ತು ರಾತ್ರಿ ಹೊರಡೋದು ಬೇಡ

ನಾನು ಶಿವಮೊಗ್ಗ ಕಡೆಯವನು. ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿದು ಅಭ್ಯಾಸ. ಅದಕ್ಕೇ ಅಮೆರಿಕದ ಮಿನಿಯಾಪೊಲಿಸ್‌ಗೆ ಬಂದ ಮೊದಲ ಚಳಿಗಾಲದಲ್ಲಿ ವಿದ್ಯಾರ್ಥಿ ಸಂಘದ ಹುಡುಗರು "ಅಣ್ಣ, ವ್ಯಾನ್ ಓಡಿಸ್ತೀರಾ?" ಅಂದಾಗ ಜಾಸ್ತಿ ಯೋಚಿಸದೆ ಒಪ್ಪಿಕೊಂಡೆ.

ಹೋಗಬೇಕಿದ್ದದ್ದು ಉತ್ತರದ ಡುಲೂತ್ ಊರಿಗೆ, ಐ-35 ಹೆದ್ದಾರಿಯಲ್ಲಿ ಸುಮಾರು 250 ಕಿಲೋಮೀಟರ್. ಹೋಗುವಾಗ ಏನೂ ಆಗಲಿಲ್ಲ. ವಾಪಸ್ ಬರುವಾಗ ಕತ್ತಲಾಗಿತ್ತು, ಸಣ್ಣಗೆ ಹನಿ ಬೀಳುತ್ತಿತ್ತು. ರಸ್ತೆ ಬರೀ ಒದ್ದೆಯಾದಂತೆ ಕಾಣುತ್ತಿತ್ತು. ಒಂದು ಸೇತುವೆ ಮೇಲೆ ವ್ಯಾನಿನ ಹಿಂಭಾಗ ಮೆಲ್ಲಗೆ ಎಡಕ್ಕೆ ಸರಿಯಿತು. ಬ್ರೇಕ್ ತುಳಿಯಲಿಲ್ಲ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಹೋಗಬೇಕಾದ ಕಡೆಗೇ ಸ್ಟೇರಿಂಗ್ ಹಿಡಿದೆ. ಎರಡು ಸೆಕೆಂಡಿನಲ್ಲಿ ನೇರವಾಯಿತು. ಹಿಂದೆ ಅಂತ್ಯಾಕ್ಷರಿ ನಡೆಯುತ್ತಲೇ ಇತ್ತು, ಯಾರಿಗೂ ಗೊತ್ತಾಗಲಿಲ್ಲ. ಮುಂದಿನ ಎಕ್ಸಿಟ್‌ನಲ್ಲಿ ಗಾಡಿ ನಿಲ್ಲಿಸಿದಾಗ ನನ್ನ ಕೈ ನಡುಗುತ್ತಿತ್ತು.

ಸೇತುವೆಗೆ ಮೇಲೂ ಕೆಳಗೂ ತಣ್ಣನೆಯ ಗಾಳಿ. ಅದರಡಿ ನೆಲದ ಬಿಸಿ ಇರುವುದಿಲ್ಲ. ಅದಕ್ಕೇ ಉಳಿದ ರಸ್ತೆಗಿಂತ ಮೊದಲು ಅದು ಹೆಪ್ಪುಗಟ್ಟುತ್ತದೆ. ಮೇಲಿನ ತೆಳು ಐಸ್ ಕನ್ನಡಿಯಷ್ಟು ತಿಳಿ, ಕೆಳಗಿನ ಡಾಂಬರಿನ ಕಪ್ಪೇ ಕಾಣುತ್ತದೆ. ಇಲ್ಲಿ ಇದನ್ನು ಬ್ಲ್ಯಾಕ್ ಐಸ್ ಅನ್ನುತ್ತಾರೆ. ಮೈನಸ್ 20 ಇರುವ ದಿನಕ್ಕಿಂತ ಸೊನ್ನೆಯ ಆಸುಪಾಸು ಇರುವ ದಿನ ನನಗೆ ಹೆಚ್ಚು ಭಯ. ಆಗ ಐಸ್ ಮೇಲೆ ನೀರಿನ ಪದರ ಇರುತ್ತದೆ, ಜಾರುವುದು ಜಾಸ್ತಿ. ಹಾಗಂತ ಕಡುಚಳಿಯನ್ನೂ ನಂಬುವಂತಿಲ್ಲ. ಮೈನಸ್ 9ರ ಕೆಳಗೆ ರಸ್ತೆಗೆ ಹಾಕಿದ ಉಪ್ಪು ಅಷ್ಟಾಗಿ ಕೆಲಸ ಮಾಡುವುದಿಲ್ಲ.

ಆ ರಾತ್ರಿ ನನ್ನ ಇನ್ನೊಂದು ತಪ್ಪು ವ್ಯಾನಿನಲ್ಲೇ ಇತ್ತು. 15 ಸೀಟಿನ ವ್ಯಾನ್, ಒಳಗೆ 13 ಜನ, ಬ್ಯಾಗೆಲ್ಲ ಮೇಲೆ ಕಟ್ಟಿದ್ದೆವು. ಈ ವ್ಯಾನ್ ತುಂಬಿದಷ್ಟೂ ಭಾರ ಮೇಲಕ್ಕೂ ಹಿಂದಕ್ಕೂ ಹೋಗುತ್ತದೆ. ಬೇರೆ ಗಾಡಿಗೆ ತಾಗದೆ ತಾನಾಗಿಯೇ ಅಪಘಾತವಾದಾಗ, 10 ಅಥವಾ ಹೆಚ್ಚು ಜನರಿದ್ದ ವ್ಯಾನ್ ಮಗುಚುವ ಪ್ರಮಾಣ ಕಡಿಮೆ ಜನರಿದ್ದ ವ್ಯಾನಿಗಿಂತ ಸುಮಾರು 3 ಪಟ್ಟು ಎಂದು ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯೇ ಎಚ್ಚರಿಸಿದೆ. ನಾನು ಇದನ್ನು ಓದಿದ್ದು ಆಮೇಲೆ. ಹೋಗುವ ಮೊದಲೇ ಓದಬೇಕಿತ್ತು.

ಈಗ ಎರಡು ಗಾಡಿ ಕೇಳುತ್ತೇನೆ. ಮೇಲೆ ಏನೂ ಕಟ್ಟುವುದಿಲ್ಲ, ಮುಂದಿನ ಸೀಟುಗಳನ್ನು ಮೊದಲು ತುಂಬಿಸುತ್ತೇನೆ. ಎಲ್ಲರೂ ಬೆಲ್ಟ್ ಹಾಕುವವರೆಗೂ ಗಾಡಿ ಹೊರಡಲ್ಲ. ವೇಗವನ್ನು ತಾನಾಗಿಯೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಮುಟ್ಟುವುದೇ ಇಲ್ಲ. ಹೊರಡುವ ಮೊದಲು 511 ಎಂಬ ಸರ್ಕಾರಿ ರಸ್ತೆ ಮಾಹಿತಿ ಸೇವೆಯಲ್ಲಿ ರಸ್ತೆ ಸ್ಥಿತಿ ನೋಡುತ್ತೇನೆ. ಡುಲೂತ್‌ಗೆ ಇಳಿಯುವ ಥಾಂಪ್ಸನ್ ಹಿಲ್ ಇಳಿಜಾರಿನಲ್ಲಿ ಲೇಕ್ ಸುಪೀರಿಯರ್ ಒಮ್ಮೆಲೇ ಕಣ್ಣಿಗೆ ಬೀಳುತ್ತದೆ. ಮಕ್ಕಳು ಕಿಟಕಿಗೆ ಮುಗಿಬೀಳುತ್ತಾರೆ. ಅಲ್ಲಿ ನನ್ನ ಕಣ್ಣು ಮಾತ್ರ ರಸ್ತೆ ಬಿಟ್ಟು ಕದಲುವುದಿಲ್ಲ.

ಇಷ್ಟೆಲ್ಲ ಮಾಡಬಹುದು. ಕಷ್ಟ ಇರುವುದು ಸಂಜೆ ಆರಕ್ಕೆ. ಕಾರ್ಯಕ್ರಮ ಮುಗಿದಿರುತ್ತದೆ, ಓಡಿಸುವವನೂ ಬೆಳಗ್ಗೆಯಿಂದ ಮಕ್ಕಳ ಜೊತೆ ಓಡಾಡಿ ದಣಿದಿರುತ್ತಾನೆ. "ಅಣ್ಣ, ನಾಳೆ ಎಕ್ಸಾಮ್ ಇದೆ, ಹೋಗೋಣ" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಇಲ್ಲ ಅನ್ನುವುದಕ್ಕೆ ಸಂಕಟವಾಗುತ್ತದೆ, ಅಲ್ವಾ? ಅದಕ್ಕೇ ಈಗ ಹೊರಡುವ ಮೊದಲೇ ಎರಡು ಮಾತು ಒಪ್ಪಿಸಿಕೊಳ್ಳುತ್ತೇನೆ. ಹೋಗುವುದೋ ಉಳಿಯುವುದೋ ಎಂದು ಹೇಳುವವನು ಸ್ಟೇರಿಂಗ್ ಹಿಡಿದವನು. ಒಂದು ರಾತ್ರಿ ಉಳಿಯುವ ಖರ್ಚು ಬಜೆಟ್‌ನಲ್ಲೇ ಇರಬೇಕು.

ಹೋದ ವರ್ಷ ಹಾಗೆ ಒಮ್ಮೆ ಉಳಿದೆವು. ಅದೇ ರಾತ್ರಿ ಹೊರಟ ಇನ್ನೊಂದು ಗುಂಪು ಕ್ಷೇಮವಾಗಿ ಊರು ಸೇರಿತು. ನಮ್ಮ ಒಬ್ಬ ಹುಡುಗನಿಗೆ ಎಕ್ಸಾಮ್ ತಪ್ಪಿತು, ಅವನ ಪ್ರೊಫೆಸರ್‌ಗೆ ನಾನೇ ಪತ್ರ ಬರೆದುಕೊಟ್ಟೆ. ಈ ಶನಿವಾರ ಮತ್ತೆ ಡುಲೂತ್‌ಗೆ ಹೋಗುತ್ತಿದ್ದೇವೆ. ಅವನೂ ಬರ್ತಾನೆ, ನನ್ನ ಪಕ್ಕದ ಸೀಟಿನಲ್ಲಿ ಕೂತು 511 ನೋಡುವ ಕೆಲಸ ಅವನದೇ.