ಮೀನಿಲ್ಲದ ಐದು ವಾರ: ನಾನು ಉಪ್ಪುನೀರಿನ ಟ್ಯಾಂಕ್ ಕಟ್ಟಿದ ಅನುಭವ

ಮೊದಲ ಸಲ ಉಪ್ಪುನೀರಿನ ಟ್ಯಾಂಕ್ ಇಟ್ಟಾಗ ನನ್ನ ಕೈಯಲ್ಲಿ ಒಂದು ಮೀನು ಸತ್ತಿತು. ನೀಲಿ ಡ್ಯಾಮ್ಸೆಲ್, ಹೆಬ್ಬೆರಳಿನಷ್ಟೂ ಇರಲಿಲ್ಲ. "ಸೈಕ್ಲಿಂಗ್‌ಗೆ ಇದೊಂದು ಬಿಡಿ ಸಾರ್, ಗಟ್ಟಿ ಮೀನು, ಏನೂ ಆಗಲ್ಲ" ಅಂತ ಅಂಗಡಿಯಲ್ಲಿ ಹೇಳಿದ್ದರು. ಸೈಕ್ಲಿಂಗ್ ಅಂದರೆ ಮೀನಿನ ಕೊಳೆಯ ವಿಷ ಇಳಿಸುವ ಬ್ಯಾಕ್ಟೀರಿಯಾವನ್ನು ಹೊಸ ಟ್ಯಾಂಕಿನಲ್ಲಿ ಬೆಳೆಸುವುದು. ಮೂರನೇ ದಿನ ಅದು ಮೇಲೆ ಬಂದು ಬಾಯಿ ಬಿಡತೊಡಗಿತು, ಕಿವಿರು ಒಂದೇ ಸಮ ಬಡಿಯುತ್ತಿತ್ತು, ಐದನೇ ದಿನ ಬೆಳಗ್ಗೆ ನೋಡಿದರೆ ಕಲ್ಲಿನ ಸಂದಿಯಲ್ಲಿ ಬಿದ್ದಿತ್ತು. ಈಗ ನೆನೆದರೂ ಬೇಜಾರಾಗುತ್ತದೆ. ಅದು ಸಾಯಬೇಕಾಗಿರಲಿಲ್ಲ. ಎರಡನೇ ಸಲ ಮೀನೇ ಇಲ್ಲದೆ ಸೈಕಲ್ ಮಾಡಿದೆ, ಅದನ್ನು ಹೇಗೆ ಮಾಡಿದೆ ಅಂತ ಬರೆಯುತ್ತೇನೆ.

ಮೀನು ಕಿವಿರಿನ ಮೂಲಕ ಅಮೋನಿಯಾ ಬಿಡುತ್ತದೆ. ಅದು ವಿಷ. ಹಳೆಯ ಟ್ಯಾಂಕಿನಲ್ಲಿ ಕಲ್ಲು, ಮರಳಿನ ಮೇಲೆ ಕೂತ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ, ನೈಟ್ರೇಟನ್ನು ನಾವು ನೀರು ಬದಲಿಸಿ ಇಳಿಸುತ್ತೇವೆ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ಸಾಕಷ್ಟು ಇರಲ್ಲ. ಸಮುದ್ರದ ನೀರಿನ ಪಿಎಚ್ 8.2ರ ಹತ್ತಿರ ಇರುವುದರಿಂದ ಅಮೋನಿಯಾದಲ್ಲಿ ವಿಷದ ಪಾಲು ಸಿಹಿನೀರಿಗಿಂತ ಜಾಸ್ತಿ. ಇಷ್ಟು ತಿಳಿದಿದ್ದರೆ ಆ ಡ್ಯಾಮ್ಸೆಲ್ ತರುತ್ತಲೇ ಇರಲಿಲ್ಲ.

ಬೆಂಗಳೂರಿನ ನಮ್ಮ ಮನೆಯ ಹಾಲ್‌ನಲ್ಲಿ ಮೂರಡಿ ಟ್ಯಾಂಕ್, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಮರಳು, ಕಲ್ಲು ಹಾಕಿದ ಮೇಲೆ ಸುಮಾರು 160 ಲೀಟರ್ ನೀರು ಹಿಡಿಯಿತು. ಎಲ್ಲ ಸೇರಿ ಇನ್ನೂರು ಕಿಲೋ ದಾಟುತ್ತದೆ, ಹಾಗಾಗಿ ಟಿವಿ ಸ್ಟ್ಯಾಂಡ್ ಮೇಲೆ ಇಡಬೇಡಿ. ಕಲ್ಲು ಅಂಗಡಿಯಲ್ಲಿ ಸಿಗುವ, ಮನುಷ್ಯರೇ ತಯಾರಿಸಿದ ಒಣ ಕಲ್ಲು. ಸಮುದ್ರದಿಂದ ಹವಳದ ತುಂಡು ತರುವ ಆಸೆ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮ ಹವಳಗಳಿಗೆ ರಕ್ಷಣೆ ಇದೆ, ಅದು ಇರಬೇಕಾದ್ದು ಸಮುದ್ರದಲ್ಲೇ.

ನೀರಿನ ವಿಷಯದಲ್ಲಿ ನಾನು ಜಾಸ್ತಿ ತಲೆ ಕೆಡಿಸಿಕೊಂಡೆ. ನಮ್ಮ ಬೋರ್ ನೀರಿನ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಅಳತೆ, 800. ಅಡುಗೆಮನೆಯ ಆರ್‌ಒ ನೀರು ಸಾಕು ಅಂದುಕೊಂಡಿದ್ದೆ, ಆದರೆ ರುಚಿಗೆ ಅಂತ ಅದರಲ್ಲಿ ಸ್ವಲ್ಪ ಖನಿಜ ಉಳಿಸಿ ಬಿಡುತ್ತಾರೆ, ಮೀಟರ್ ಇಟ್ಟರೆ 60 ತೋರಿಸಿತು. ಕೊನೆಗೆ ಉಳಿದ ಲವಣವನ್ನೂ ಹಿಡಿದಿಡುವ ಡಿಐ ರೆಸಿನ್ ಹರಳುಗಳಿರುವ ಒಂದು ಕೊಳವೆ ಸೇರಿಸಿದೆ, ಸೊನ್ನೆಗೆ ಬಂತು. "ಮಂಗಳೂರಿಂದ ಕಡಲ ನೀರೇ ತರಬಹುದಲ್ವಾ?" ಅಂತ ಎಷ್ಟೋ ಜನ ಕೇಳಿದ್ದಾರೆ. ದಡದ ಹತ್ತಿರದ ನೀರಿಗೆ ನದಿ ನೀರು, ಚರಂಡಿ ನೀರು ಎಲ್ಲ ಸೇರಿರುತ್ತದೆ, ಮಳೆಗಾಲದಲ್ಲಿ ಉಪ್ಪೂ ಕಡಿಮೆ. ನನಗೆ ಧೈರ್ಯ ಬರಲಿಲ್ಲ.

ಅಕ್ವೇರಿಯಂ ಉಪ್ಪು ಸುಮಾರು ಆರು ಕಿಲೋ ಬೇಕಾಯಿತು. ಮೊದಲು ನೀರು, ಆಮೇಲೆ ಉಪ್ಪು. ಡ್ರಮ್ಮಿನಲ್ಲಿ ಪಂಪ್ ಓಡಿಸಿ, ಬೊಗಸೆ ಬೊಗಸೆಯಾಗಿ ಸುರಿದೆ, ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗಾಯಿತು, ರಾತ್ರಿಯಿಡೀ ಓಡಿದ ಮೇಲೆ ಬೆಳಗ್ಗೆ ಡ್ರಮ್ಮಿನ ತಳ ಕಾಣುತ್ತಿತ್ತು. ಗುರಿ ಸಾಪೇಕ್ಷ ಸಾಂದ್ರತೆ (ಬರೀ ನೀರಿಗೆ ಹೋಲಿಸಿದರೆ ಎಷ್ಟು ಪಟ್ಟು ಭಾರ) ಸುಮಾರು 1.026, ಅಂದರೆ ಸಾವಿರಕ್ಕೆ 35 ಭಾಗ ಉಪ್ಪು. ಉಪ್ಪಿನ ಅಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಬರೀ ನೀರಿನಲ್ಲಿ ಸೊನ್ನೆಗೆ ಹೊಂದಿಸಿದ್ದೆ. ಮೀಟರ್ ಸರಿಯಿದೆಯಾ ಅಂತ ನೋಡಲು ಸಿಗುವ 35ರ ದ್ರಾವಣ ಹಾಕಿ ನೋಡಿದಾಗ ಎರಡು ಭಾಗ ತಪ್ಪು ತೋರಿಸುತ್ತಿತ್ತು. ಆ ಸಣ್ಣ ಬಾಟಲಿ ತಗೊಳ್ಳಿ, ದುಡ್ಡು ದಂಡ ಅಲ್ಲ.

ಇನ್ನು ಸೈಕಲ್. ಬ್ಯಾಕ್ಟೀರಿಯಾಗೆ ಅಮೋನಿಯಾ ಸಿಗಲಿ ಅಂತ ಮೀನಿನ ಬದಲು ನಾನು ಹಾಕಿದ್ದು ಅಮೋನಿಯಂ ಕ್ಲೋರೈಡ್. ಪಾತ್ರೆಗೆ ಕಲಾಯಿ ಹಾಕುವವರ ನವಸಾಗರ ಇದೆಯಲ್ಲ, ಅದೇ ವಸ್ತು. ಆದರೆ ಅದನ್ನು ಹಾಕಬೇಡಿ, ಲ್ಯಾಬ್‌ಗೆ ಮಾರುವ ಶುದ್ಧವಾದದ್ದನ್ನೇ ತರಿಸಿ. 160 ಲೀಟರಿಗೆ ಒಂದು ಗ್ರಾಂ ಹಾಕಿದರೆ ಅಮೋನಿಯಾ 2 ಪಿಪಿಎಂ (ಹತ್ತು ಲಕ್ಷಕ್ಕೆ ಎರಡು ಭಾಗ) ಆಗುತ್ತದೆ. ಜೊತೆಗೆ ಗೆಳೆಯನ ಹಳೆಯ ಉಪ್ಪುನೀರಿನ ಟ್ಯಾಂಕಿಂದ ಒಂದು ಹಿಡಿ ಮರಳು ತಂದು ಹಾಕಿದೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಲೈಟ್ ಹಾಕಲಿಲ್ಲ, ಹಾಕಿದ್ದರೆ ಪಾಚಿಗಷ್ಟೇ ಲಾಭ.

ಆಮೇಲೆ ಕಾಯುವುದು. ಮೊದಲ ಎಂಟು ದಿನ ಅಮೋನಿಯಾ ಕದಲಲೇ ಇಲ್ಲ. ಒಂಬತ್ತನೇ ದಿನ ಟೆಸ್ಟ್ ಟ್ಯೂಬನ್ನು ಕಿಟಕಿ ಹತ್ತಿರ ಬಿಳಿ ಹಾಳೆಯ ಮುಂದೆ ಹಿಡಿದರೆ ಅಮೋನಿಯಾ ತೋರಿಸುವ ಹಸಿರು ಸ್ವಲ್ಪ ತಿಳಿಯಾಗಿತ್ತು. ಎಷ್ಟು ಖುಷಿಯಾಯಿತು ಅಂದ್ರೆ ಅಮ್ಮನನ್ನು ಕರೆದು ತೋರಿಸಿದೆ. "ಮೀನಿಲ್ಲದ ತೊಟ್ಟೀಲಿ ದಿನಾ ಏನೋ ನೋಡ್ತೀಯ?" ಅಂದರು. ಮರುದಿನದಿಂದ ಅವರೂ ಬಣ್ಣ ನೋಡೋಕೆ ಬರುತ್ತಿದ್ದರು.

ಎರಡು ವಾರಕ್ಕೆ ಅಮೋನಿಯಾ ಸೊನ್ನೆ, ನೈಟ್ರೈಟ್ ಟೆಸ್ಟ್ ಮಾತ್ರ ಕಡು ನೇರಳೆ, ಅಂದರೆ ತುಂಬಾ ಜಾಸ್ತಿ. ಅಲ್ಲೇ ನಿಂತುಬಿಟ್ಟಿತು, ಹದಿನೇಳು ದಿನ. ಏನೋ ಕೆಟ್ಟಿದೆ ಅಂತ ಎಲ್ಲ ನೀರು ಚೆಲ್ಲಿ ಶುರು ಮಾಡುವವನಿದ್ದೆ. ಹಾಗೆ ಮಾಡಬೇಡಿ. ಎರಡನೇ ಗುಂಪಿನ ಬ್ಯಾಕ್ಟೀರಿಯಾ ಬೆಳೆಯುವುದೇ ನಿಧಾನ. ಈ ಹೊತ್ತಿನಲ್ಲಿ ನೈಟ್ರೇಟ್ ಟೆಸ್ಟ್ ನಂಬಬೇಡಿ, ನೈಟ್ರೈಟ್ ಇದ್ದರೆ ಅದು ಸುಮ್ನೆ ಜಾಸ್ತಿ ತೋರಿಸುತ್ತದೆ. ನಡುವೆ ಮರಳಿನ ಮೇಲೆ ಕಂದು ಪುಡಿಯಂತೆ ಡಯಾಟಮ್ ಅನ್ನುವ ಪಾಚಿ ಬಂತು, ತಾನಾಗೇ ಹೋಯಿತು.

36ನೇ ದಿನ ಮತ್ತೆ 2 ಪಿಪಿಎಂ ಅಮೋನಿಯಾ ಹಾಕಿ, 24 ಗಂಟೆ ಬಿಟ್ಟು ನೋಡಿದೆ. ಅಮೋನಿಯಾ ಹಳದಿ, ನೈಟ್ರೈಟ್ ತಿಳಿ ನೀಲಿ. ಎರಡೂ ಸೊನ್ನೆ. ನೈಟ್ರೇಟ್ ಜಾಸ್ತಿ ಇತ್ತು, ಅರ್ಧ ನೀರು ಬದಲಿಸಿದೆ.

ಅಷ್ಟರಲ್ಲಿ ಏಪ್ರಿಲ್ ಬಂದಿತ್ತು, ಮಧ್ಯಾಹ್ನ ನೀರು 30 ಡಿಗ್ರಿ. ನೀರಿನ ಮೇಲೆ ಸಣ್ಣ ಫ್ಯಾನ್ ಕಟ್ಟಿದೆ, 27ಕ್ಕೆ ಇಳಿಯಿತು, ಆದರೆ ದಿನಕ್ಕೆ ಎರಡು ಮೂರು ಲೀಟರ್ ಆವಿಯಾಗುತ್ತಿತ್ತು. ಉಪ್ಪು ಆವಿಯಾಗಲ್ಲ, ಹಾಗಾಗಿ ಗಾಜಿನ ಮೇಲೆ ಗೆರೆ ಎಳೆದು, ಅಷ್ಟರವರೆಗೆ ಉಪ್ಪಿಲ್ಲದ ಶುದ್ಧ ನೀರನ್ನೇ ಸೇರಿಸಬೇಕು. ಕರೆಂಟ್ ಹೋದಾಗ ಅಂತ ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಂಡೆ.

ಆಮೇಲೆ ಎರಡು ಕ್ಲೌನ್ ಮೀನು ತಂದೆ, ಹ್ಯಾಚರಿಯಲ್ಲೇ ಹುಟ್ಟಿ ಬೆಳೆದವು, ಸಮುದ್ರದಿಂದ ಹಿಡಿದವಲ್ಲ. ಒಂದು ಗಂಟೆ ಹನಿಹನಿಯಾಗಿ ನಮ್ಮ ನೀರಿಗೆ ಒಗ್ಗಿಸಿ ಬಿಟ್ಟೆ. ಮೂರನೇ ದಿನ, ಆ ಡ್ಯಾಮ್ಸೆಲ್ ಬಾಯಿ ಬಿಟ್ಟಿದ್ದ ಅದೇ ಮೂರನೇ ದಿನ, ಟ್ಯೂಬ್ ಹಿಡಿದು ಕಿಟಕಿ ಹತ್ತಿರ ಹೋದೆ. ಹಳದಿ. ಮೀನುಗಳು ಟ್ಯಾಂಕಿನ ಮೂಲೆಯಲ್ಲಿ ಅಕ್ಕಪಕ್ಕ ಈಜುತ್ತಿದ್ದವು.