ಆಸ್ಪತ್ರೆಯ ಇತಿಹಾಸ ಬರೆಯುವವರು ಮೊದಲು ಓಟಿ ರಿಜಿಸ್ಟರ್ ಬಿಚ್ಚಿ

ಕಾರವಾರ, ಕುಮಟಾ, ಶಿರಸಿ ಕಡೆ ಇಬ್ಬರು ಮೂವರು ಸರ್ಜನ್‌ಗಳು ಪಾಲುದಾರರಾಗಿ ಕಟ್ಟಿದ ಆಸ್ಪತ್ರೆಗೆ ಸ್ಮರಣ ಸಂಚಿಕೆ ತರುವಾಗ ಹೆಚ್ಚಿನವರು ಗೋಡೆಯ ಕಲ್ಲಿನಿಂದ ಶುರು ಮಾಡುತ್ತಾರೆ. ಕಲ್ಲು ಹೇಳುವುದು ಉದ್ಘಾಟನೆಯ ದಿನ ಮಾತ್ರ. ಯಾರು ಯಾವಾಗ ಸೇರಿದರು, ಯಾರ ಜೊತೆ ಯಾರು ನಿಂತು ಆಪರೇಷನ್ ಮಾಡಿದರು ಎಂಬುದಿರುವುದು ಓಟಿ ರಿಜಿಸ್ಟರಿನಲ್ಲಿ, ಅಂದರೆ ಆಪರೇಷನ್ ಥಿಯೇಟರಿನ ದಾಖಲೆ ಪುಸ್ತಕದಲ್ಲಿ.

ಈ ಕೆಲಸವನ್ನು ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಮುಗಿಸಿ. ಮಳೆಗಾಲದಲ್ಲಿ ಹಾಳೆಗಳು ತೇವ ಹಿಡಿದು ಅಂಟಿಕೊಂಡಿರುತ್ತವೆ, ಎಳೆದರೆ ಶಾಯಿ ಸಮೇತ ಕಿತ್ತು ಬರುತ್ತವೆ. ಬಿಸಿಲಿಗೂ ಇಡಬೇಡಿ, ಮುರುಟುತ್ತವೆ. ಪುಸ್ತಕವನ್ನು ಅರೆ ತೆರೆದು ನಿಲ್ಲಿಸಿ, ನೆರಳಲ್ಲಿ ಫ್ಯಾನ್ ಹಾಕಿ ಎರಡು ಮೂರು ದಿನ ಬಿಡಿ.

ಫೋಟೊ ತೆಗೆಯುವ ಮೊದಲು ಆಸ್ಪತ್ರೆಯವರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ರಟ್ಟಿನ ಪಟ್ಟಿ ಕತ್ತರಿಸಿ ರೋಗಿಯ ಹೆಸರು, ಊರಿನ ಕಾಲಂ ಮುಚ್ಚಿ. ಬೇಕಾದವು ಐದೇ ಕಾಲಂ: ತಾರೀಕು, ಆಪರೇಷನ್, ಸರ್ಜನ್, ಅಸಿಸ್ಟೆಂಟ್, ಅನಸ್ತೇಷಿಯಾ. ಗರ್ಭಪಾತದ ರಿಜಿಸ್ಟರ್ ಗೋಪ್ಯ ದಾಖಲೆ, ಮುಟ್ಟಲೇಬೇಡಿ.

ಹೊಸ ಡಾಕ್ಟರ ಹೆಸರು ಸಾಮಾನ್ಯವಾಗಿ ಮೊದಲು ಅಸಿಸ್ಟೆಂಟ್ ಕಾಲಂನಲ್ಲಿ, ಆಮೇಲೆ ಸರ್ಜನ್ ಕಾಲಂನಲ್ಲಿ ಕಾಣುತ್ತದೆ. ಎರಡೂ ತಾರೀಕು ಬರೆದುಕೊಳ್ಳಿ. ಹೆಚ್ಚು ತಪ್ಪಾಗುವುದು ಒಂದು ಸಣ್ಣ ಗುರುತಿನಿಂದ: ಮೇಲಿನ ಹೆಸರೇ ಎನ್ನಲು ಹಾಕುವ ಎರಡು ಗೀಟು. ಪುಟ ತುಂಬ ಗೀಟೇ ಇದ್ದು, ಮುಂದಿನ ಪುಟವೂ ಗೀಟಿನಿಂದಲೇ ಶುರುವಾದರೆ, ಕೈಬರಹ ಬದಲಾಗಿದೆಯೇ ನೋಡಿ. ಬದಲಾಗಿದ್ದರೆ ಆ ಗೀಟನ್ನು ನಂಬಬೇಡಿ, ಬಿಲ್ ಪುಸ್ತಕಕ್ಕೆ ತಾಳೆ ಹಾಕಿ. ‘ಎಸ್‌ಎ’ ಎಂದರೆ ಬೆನ್ನಿಗೆ ಕೊಟ್ಟ ಅನಸ್ತೇಷಿಯಾ. ಅದರ ಮುಂದೆ ಸರ್ಜನ್‌ ಹೆಸರೇ ಇದ್ದರೆ ಅವರೇ ಚುಚ್ಚಿದ್ದಾರೆ ಎಂದರ್ಥ. ಅಲ್ಲಿ ಬೇರೊಬ್ಬರ ಹೆಸರು, ಅಂದರೆ ಅನಸ್ತೇಷಿಯಾ ಕೊಡಲೆಂದೇ ಬಂದ ಡಾಕ್ಟರ ಹೆಸರು, ಮೊದಲು ಬಂದ ದಿನ ಆ ಆಸ್ಪತ್ರೆಯ ಚರಿತ್ರೆಯಲ್ಲಿ ಕಟ್ಟಡದ ಉದ್ಘಾಟನೆಗಿಂತ ದೊಡ್ಡದು.

ವರ್ಷಕ್ಕೆಷ್ಟು ಆಪರೇಷನ್ ಎಂದು ಎಣಿಸುವಾಗ ಸಂತಾನಹರಣ ಶಿಬಿರಗಳ ಲೆಕ್ಕ ಬೇರೆ ಇಡಿ. ತುರ್ತುಪರಿಸ್ಥಿತಿಯ 1975–77ರಲ್ಲಿ ಈ ಸಂಖ್ಯೆ ಏರಿದ್ದರೆ ಅದು ಆಸ್ಪತ್ರೆಯ ಬೆಳವಣಿಗೆಯಲ್ಲ. ಹೊಟ್ಟೆಗೆ ಸಣ್ಣ ತೂತು ಮಾಡಿ ದರ್ಶಕ ನಳಿಕೆ ತೂರಿಸುವ ಲ್ಯಾಪರೊಸ್ಕೋಪಿಯಲ್ಲೂ ಎಚ್ಚರ ಬೇಕು: ದೇಶದಲ್ಲಿ ಆ ವಿಧಾನದಿಂದ ಪಿತ್ತಕೋಶ ತೆಗೆಯಲು ಶುರುವಾದದ್ದು 1990ರಲ್ಲಿ, ಮುಂಬೈಯಲ್ಲಿ. ಅದಕ್ಕೂ ಹಿಂದಿನ ನಮೂದು ಸಂತಾನಹರಣದ್ದಿರಬಹುದು.

ಪಾಲುದಾರಿಕೆ ಪತ್ರ ಕೇಳಿ. 1932ರ ಕಾಯ್ದೆಯಲ್ಲಿ ನೋಂದಣಿ ಕಡ್ಡಾಯವಿಲ್ಲ, ಕಚೇರಿಯಲ್ಲಿ ಸಿಗಲಿಲ್ಲವೆಂದು ಪಾಲುದಾರಿಕೆಯೇ ಇರಲಿಲ್ಲ ಎನ್ನಬೇಡಿ. ಕಟ್ಟಡ ಒಬ್ಬರದು, ಪ್ರಾಕ್ಟೀಸ್ ಎಲ್ಲರದು ಎಂಬ ಏರ್ಪಾಡೂ ಇರುತ್ತದೆ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಪತ್ರದ ತಾರೀಕನ್ನು ಸ್ಥಾಪನೆಯ ತಾರೀಕೆಂದು ಹಾಕುವುದೂ ಸಾಮಾನ್ಯ ತಪ್ಪು. ಇನ್ನೂ ಹಳೆಯದಾದರೆ, ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಸರಕಾರಿ ಕಾಗದವನ್ನು ಬೆಂಗಳೂರಿನಲ್ಲಷ್ಟೇ ಹುಡುಕಿದರೆ ಸಾಲದು.

ಹಳೆಯ ಸಿಸ್ಟರ್, ವಾರ್ಡ್‌ಬಾಯ್, ಕಂಪೌಂಡರ್ ಹತ್ತಿರ ಇಸವಿ ಕೇಳಬೇಡಿ. ‘ರೈಲು ಬರುವ ಮೊದಲೋ, ಆಮೇಲೋ?’ ಎನ್ನಿ. ಕೊಂಕಣ ರೈಲ್ವೆ ಪೂರ್ತಿ ತೆರೆದದ್ದು 1998ರ ಜನವರಿ 26ಕ್ಕೆ. ಕೊಂಕಣಿಯವರು ಕೊಂಕಣಿಯಲ್ಲೇ ಹೇಳಲಿ, ರೆಕಾರ್ಡ್ ಮಾಡಿಕೊಳ್ಳಿ.

ಕೆಲಸ ಮುಗಿದ ರಿಜಿಸ್ಟರನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಬೇಡಿ, ಒಳಗೇ ಬೆವರುತ್ತದೆ. ಒಗೆದು ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ನೆಲದಿಂದ ಒಂದಡಿ ಮೇಲೆ, ಗೋಡೆಗೆ ತಾಗದಂತೆ ಇಡಿ.