ರೋಬೋ ಬೆನ್ನಿನ ರ್ಯಾಕ್: ಮಗುಚಬಾರದು, ಬಿಚ್ಚಲು ಬರಬೇಕು

ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯದಲ್ಲಿ ಲೋಹದ ಶೀಟ್ ಕತ್ತರಿಸಿ, ಬೆಂಡ್ ಮಾಡಿ, ಪೌಡರ್ ಕೋಟಿಂಗ್ ಹೊಡೆದು ಕೊಡುವವರಿಗೆ ಬರವಿಲ್ಲ. ಹಾಗಾಗಿ ಎಎಂಆರ್ (ತಾನೇ ದಾರಿ ನೋಡಿಕೊಂಡು ಸರಕು ಸಾಗಿಸುವ ರೋಬೋ) ಮೇಲೆ ಕೂರುವ ರ್ಯಾಕ್ ಮಾಡಿಸುವುದು ದೊಡ್ಡ ಕೆಲಸವೇನಲ್ಲ. ಎಡವಟ್ಟಾಗುವುದು ಡ್ರಾಯಿಂಗಿಗೂ ಮುಂಚಿನ ಲೆಕ್ಕದಲ್ಲಿ.

ಪೇಲೋಡ್, ಅಂದರೆ ರೋಬೋ ಹೊರಬಲ್ಲ ಭಾರ, 100 ಕೆಜಿ ಎಂದಿದ್ದರೆ ರ್ಯಾಕಿನ ತೂಕವೂ ಅದರೊಳಗೇ ಬರುತ್ತದೆ. ರ್ಯಾಕೇ 30 ಕೆಜಿ ತೂಗಿದರೆ ಸರಕಿಗೆ ಉಳಿಯುವುದು 70.

ಆಮೇಲೆ ಗುರುತ್ವ ಕೇಂದ್ರ. ರೋಬೋ 60 ಕೆಜಿ, ಅದರ ಕೇಂದ್ರ ನೆಲದಿಂದ 150 ಮಿ.ಮೀ. ಎತ್ತರದಲ್ಲಿ, ಮೇಲಿನ 100 ಕೆಜಿಯದು 900 ಮಿ.ಮೀ.ನಲ್ಲಿ ಎಂದಿಟ್ಟುಕೊಳ್ಳಿ. ಎರಡೂ ಸೇರಿದ ಕೇಂದ್ರ ಸುಮಾರು 620 ಮಿ.ಮೀ. ಎತ್ತರದಲ್ಲಿರುತ್ತದೆ. ಈ ಕೇಂದ್ರದಿಂದ ಮುಂದಿನ ಕ್ಯಾಸ್ಟರ್ (ಎತ್ತ ಬೇಕಾದರೂ ತಿರುಗುವ ಸಣ್ಣ ಚಕ್ರ) ನೆಲ ಮುಟ್ಟುವ ಗೆರೆಗೆ ಅಡ್ಡಲಾಗಿ 220 ಮಿ.ಮೀ. ಇದ್ದರೆ, ಬ್ರೇಕ್ ಹಾಕಿದಾಗ ಮಗುಚುವ ಮಿತಿ 9.81 × 220 ÷ 620, ಅಂದರೆ ಸುಮಾರು 3.5 ಮೀ/ಸೆ². ಕ್ಯಾಸ್ಟರ್ ಒಳಮುಖವಾಗಿ ತಿರುಗಿ ನಿಂತಾಗಲೇ ಈ ಅಂತರ ಅಳೆಯಿರಿ, ಆಗಲೇ ಅದು ಕಡಿಮೆ. ಬ್ರೇಕಿಂಗ್ ಈ ಮಿತಿಯ ಅರ್ಧ ದಾಟದಿರಲಿ. ಹಾಗೆ ಬ್ರೇಕ್ ಮೆತ್ತಗೆ ಮಾಡಿದರೆ 1.5 ಮೀ/ಸೆ. ವೇಗದಿಂದ ನಿಲ್ಲಲು ಸುಮಾರು 65 ಸೆಂ.ಮೀ. ಬೇಕು, ಸ್ಪಂದನೆಯ ಸಮಯದಲ್ಲಿ ಓಡುವ ದೂರ ಬೇರೆ. ಲೇಸರ್ ಸ್ಕ್ಯಾನರಿನ ಪ್ರೊಟೆಕ್ಟಿವ್ ಫೀಲ್ಡನ್ನು (ಏನಾದರೂ ಅಡ್ಡ ಬಂದರೆ ರೋಬೋ ನಿಲ್ಲುವ ವಲಯ) ಅಷ್ಟಕ್ಕೆ ಉದ್ದ ಮಾಡದೆ ಬಿಡುವುದೇ ಹೆಚ್ಚು.

ಸ್ಕ್ಯಾನರ್ ನೋಡುವುದು ಕಾಲಿನ ಮಟ್ಟದ ಒಂದೇ ಸಮತಲವನ್ನು. ರ್ಯಾಕ್ 700 ಮಿ.ಮೀ. ಎತ್ತರದಲ್ಲಿ ಹೊರಚಾಚಿದ್ದರೆ ಅದು ಮೇಜಿನ ಅಂಚಿಗೆ ಬಡಿಯುವವರೆಗೂ ರೋಬೋಗೆ ಸುಳಿವೇ ಸಿಗದು. ಆದಷ್ಟೂ ಚಾಸಿಯ ಅಂಚಿನೊಳಗೇ ಮುಗಿಸಿ. ಚಾಚಲೇಬೇಕಾದರೆ ರೋಬೋದ ಸಾಫ್ಟ್‌ವೇರಿನಲ್ಲಿ ಫುಟ್‌ಪ್ರಿಂಟ್ (ಅದರ ಹೊರ ಆಕಾರದ ಅಳತೆ) ಬದಲಿಸಿ, ಮೇಲಿನ ಮಟ್ಟಕ್ಕೂ ಸೆನ್ಸರ್ ಕೊಡಿ.

40 × 40 ಅಲ್ಯೂಮಿನಿಯಂ ಪ್ರೊಫೈಲಿನಲ್ಲಿ ಟಿ-ನಟ್ಟುಗಳು (ಪ್ರೊಫೈಲಿನ ಸೀಳಿನೊಳಗೆ ಕೂರುವ ನಟ್ಟು) ಸಡಿಲಾಗುವುದು ಮಾಮೂಲು. ನೆಲದ ಎಕ್ಸ್‌ಪಾನ್ಷನ್ ಜಾಯಿಂಟು (ಕಾಂಕ್ರೀಟಿನ ನಡುವೆ ಬಿಟ್ಟ ಸಂದು) ದಾಟುವಾಗಲೆಲ್ಲ ಚಕ್ರ ಕುಕ್ಕುತ್ತದೆ. ಅಡ್ಡ ಬಲವನ್ನು ಬರೀ ಬೋಲ್ಟಿನ ಬಿಗಿತಕ್ಕೆ ಬಿಡಬೇಡಿ: ಬೇಸ್ ಪ್ಲೇಟಿಗೆ ಎರಡು ಡೋವೆಲ್ ಪಿನ್ (ತೂತಿನಲ್ಲಿ ಬಿಗಿಯಾಗಿ ಕೂರುವ ಗೂಟ), ಮೂಲೆಗಳಿಗೆ ಗಸೆಟ್ (ಮೂಲೆ ಗಟ್ಟಿಮಾಡುವ ತಗಡು) ಹಾಕಿ. ಬೋಲ್ಟನ್ನು ಟಾರ್ಕ್ ರೆಂಚಿನಲ್ಲಿ ಬಿಗಿದು, ತಲೆಯಿಂದ ಪ್ಲೇಟಿನವರೆಗೆ ಪೇಂಟ್ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ತಪ್ಪಿದ್ದರೆ ದೂರದಿಂದಲೇ ಕಾಣುತ್ತದೆ. ಪೌಡರ್ ಕೋಟಿಂಗಿನಲ್ಲಿ ವಿದ್ಯುತ್ ಹರಿಯದು. ಅರ್ತಿಂಗ್ ಜಾಗದಲ್ಲಿ ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ, ಮಲ್ಟಿಮೀಟರಿನಲ್ಲಿ ನೋಡಿ.

ರ್ಯಾಕಿನ ಮೇಲಿನ ಎಮರ್ಜೆನ್ಸಿ ಸ್ಟಾಪ್ ಬಟನ್ ಎರಡು ಚಾನೆಲ್ಲಿನದಾಗಿರಲಿ (ಎರಡು ಬೇರೆ ಬೇರೆ ಸರ್ಕ್ಯೂಟ್), ನೇರ ರೋಬೋದ ಸೇಫ್ಟಿ ಸರ್ಕ್ಯೂಟಿಗೇ ಹೋಗಲಿ. ಪಿಎಲ್‌ಸಿಯ (ಯಂತ್ರ ನಡೆಸುವ ಕಂಟ್ರೋಲರ್) ಮಾಮೂಲಿ ಇನ್‌ಪುಟ್ಟಿಗೆ ಕೊಟ್ಟರೆ ಅದು ಹೆಸರಿಗೆ ಮಾತ್ರ. ಫ್ಯೂಸ್ ಬ್ಯಾಟರಿಯ ಬುಡದಲ್ಲೇ ಇರಬೇಕು. ರ್ಯಾಕಿನ ತುದಿಯಲ್ಲಿದ್ದರೆ ನಡುವಿನ ವೈರು ಕಾಯುವವರಿಲ್ಲದೆ ಉಳಿಯುತ್ತದೆ.

ಇನ್ನು ಬಿಚ್ಚುವ ಮಾತು. ಬಿಚ್ಚಲು ಕಷ್ಟವಾದದ್ದನ್ನು ಯಾರೂ ಸರಿಯಾಗಿ ಮತ್ತೆ ಕಟ್ಟುವುದಿಲ್ಲ. ಹನ್ನೆರಡು ಸ್ಕ್ರೂ ಕೊಟ್ಟರೆ ಮೂರನೇ ಸರ್ವಿಸಿಗೆ ನಾಲ್ಕು ಉಳಿದಿರುತ್ತವೆ. ಬ್ಯಾಟರಿ ರ್ಯಾಕ್ ಇಳಿಸದೆಯೇ ಹೊರಬರಬೇಕು. ಕವರಿಗೆ ಕಾಲು ತಿರುವಿನ, ಕಳಚಿ ಬೀಳದ ಫಾಸ್ಟನರ್ ಹಾಕಿ. ರ್ಯಾಕಿಗೂ ರೋಬೋಗೂ ನಡುವೆ, ತಪ್ಪಾಗಿ ಕೂರಿಸಲು ಬಾರದ ಲಾಕಿಂಗ್ ಕನೆಕ್ಟರ್ ಇರಲಿ, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್.ಪಿ. ರೋಡಿನಲ್ಲಿ ಬಿಡಿಯಾಗಿ ಸಿಗುವಂಥದ್ದನ್ನೇ ಆರಿಸಿದರೆ ಮುಂದೆ ಪರದಾಟವಿಲ್ಲ. 25 ಕೆಜಿ ಮೀರಿದ ರ್ಯಾಕಿಗೆ ಐ-ಬೋಲ್ಟ್ (ಎತ್ತಲು ಕೊಕ್ಕೆ ಸಿಕ್ಕಿಸುವ ಬಳೆಯ ಬೋಲ್ಟ್) ಕೂರಿಸಲು ನಾಲ್ಕು ಎಂ8 ತೂತು ಬೇಕು.

ಪರೀಕ್ಷೆಗೆ ಪೂರ್ತಿ ಲೋಡ್, ಪೂರ್ತಿ ವೇಗ, ಎಮರ್ಜೆನ್ಸಿ ಸ್ಟಾಪ್; ಆಮೇಲೆ ಲೋಡನ್ನು ಮುಂದಕ್ಕೆ ಸರಿಸಿ, ಇಳಿಜಾರಿನಲ್ಲೂ ಇದೇ. ನಿಂತ ದೂರ ಟೇಪಿನಲ್ಲಿ ಅಳೆಯಿರಿ. ಮುಂದೆ ಯಾರೂ ನಿಲ್ಲಬಾರದು.